ಅಪ್ಪನ ಕನ್ನಾಡ

ನನ್ನ ಅಪ್ಪ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ನಮ್ಮ ಮನೆ ಪಕ್ಕದ ಕುಕ್ಕುಂದೂರಿನಲ್ಲಿತ್ತು. ಮನೆಯೊಳಗೆ ನಾವು ಆಡುತ್ತಿದ್ದುದು ತುಳು. ಅಪ್ಪ ಬೆಳಿಗ್ಗೆ ಕೋಟು ಹಾಕಿಕೊಂಡು ಅಂಗಳಕ್ಕೆ ಇಳಿದರೆಂದರೆ ಅಲ್ಲಿಂದ ಸಂಜೆಯವರೆಗೆ ಕನ್ನಡ. ಆ ಕನ್ನಡದಲ್ಲಿ ಒಂದು ಅಕ್ಷರವೂ ಗಂಟಲಲ್ಲಿ ಉಳಿಯುತ್ತಿರಲಿಲ್ಲ. "ಬಂದ್ರು" ಎಂದ ಹುಡುಗನನ್ನು ನಿಲ್ಲಿಸಿ "ಬಂದರು" ಎನ್ನಿಸಿ ಕೂರಿಸುವವರು ಅವರು. ಳಕಾರವನ್ನು ಲಕಾರ ಮಾಡಿದವರು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಂತಿರಬೇಕಿತ್ತು. ಪೇಟೆಯಲ್ಲಿ ಅಪ್ಪ ಬರುವುದು ಕಂಡರೆ ಅಂಗಡಿಯವರು ಕೂಡ ತಮ್ಮ ಮಾತನ್ನು ಸ್ವಲ್ಪ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಪ್ಪನಿಗೆ ಅದು ಗೊತ್ತಿತ್ತು. ಒಳಗೊಳಗೆ ಖುಷಿಯೂ ಇತ್ತು.

ಐವತ್ತರ ದಶಕದ ನಡುವಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದ ಕಾನ್ವೆಂಟಿಗೆ ಇಟಲಿಯಿಂದ ಒಬ್ಬರು ಸಿಸ್ಟರ್ ಬಂದರು. ಕಾನ್ವೆಂಟಿನವರು ನಡೆಸುತ್ತಿದ್ದ ಚಿಕ್ಕ ದವಾಖಾನೆಯನ್ನು ಅವರು ನೋಡಿಕೊಳ್ಳಬೇಕಿತ್ತು. ಕೊಂಕಣಿ ಆಡುವ ಕ್ರಿಶ್ಚಿಯನ್ ಹೆಂಗಸರ ಜೊತೆ ಹೇಗೋ ಸುಧಾರಿಸುತ್ತಿದ್ದರು. ಹೆಬ್ರಿ ಕಡೆಯಿಂದ ಮಕ್ಕಳನ್ನು ಎತ್ತಿಕೊಂಡು ಬರುವ ಕನ್ನಡದವರ ಹತ್ತಿರ ಮಾತ್ರ ಕೈಸನ್ನೆಯೇ ಆಗಬೇಕು. ಹಾಗಾಗಿ ಕಾನ್ವೆಂಟಿನ ಹಿರಿಯ ಸಿಸ್ಟರ್ ಅಪ್ಪನನ್ನು ಕರೆಸಿ, ವಾರಕ್ಕೆ ಎರಡು ಸಲ ಬಂದು ಕನ್ನಡ ಕಲಿಸಿ ಎಂದು ಕೇಳಿಕೊಂಡರು. ಗಂಡಸು ಒಬ್ಬನೇ ಕಾನ್ವೆಂಟಿಗೆ ಹೋಗುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಅಮ್ಮ ನನ್ನನ್ನೂ ಜೊತೆಗೆ ಕಳಿಸಿದರು. ನಾನು ಆಗ ಪ್ರೈಮರಿ ಶಾಲೆಯ ಹುಡುಗಿ. ಅವರಿಬ್ಬರ ನಡುವೆ, ಕಾನ್ವೆಂಟಿನ ಜಗಲಿಯ ಬೆಂಚಿನಲ್ಲಿ ನನ್ನ ಜಾಗ.

ಸಿಸ್ಟರ್ ನಲವತ್ತು ದಾಟಿದವರು. ದೊಡ್ಡ ಕೈಗಳು, ಕೆಂಪು ಮೊಣಕೈ, ಜೋರು ನಗು. ಕಾಗುಣಿತವನ್ನು ಬೇಗ ಕಲಿತರು. ಆದರೆ ಓದಿಸಿದರೆ ಪ್ರತಿಯೊಂದು ಶಬ್ದದ ಹೊಟ್ಟೆಯನ್ನೂ ಎಳೆಯುತ್ತಿದ್ದರು. ಉಡುಪಿ ಅವರ ಬಾಯಲ್ಲಿ ಉಡೂಪಿ ಆಗುತ್ತಿತ್ತು. ಕಾರ್ಕಳ ಕಾರ್ಕಾಳ ಆಯಿತು. ಕನ್ನಡವೇ ಕನ್ನಾಡ ಆಯಿತು. ಈ ಸುತ್ತಿನ ಊರುಗಳಲ್ಲಿ ಅವರು ಸರಿಯಾಗಿ ಹೇಳುತ್ತಿದ್ದ ಹೆಸರು ಮಣಿಪಾಲ ಒಂದೇ, ಅದೂ ನಾವು ಅದನ್ನು ಎಳೆದೇ ಹೇಳುವುದರಿಂದ.

"ಹಾಗಲ್ಲ. ಕ-ನ್ನ-ಡ. ಎಲ್ಲಿಯೂ ಎಳೆಯಬಾರದು," ಎಂದು ಅಪ್ಪ ತಿದ್ದಿದರು.

"ಎಲ್ಲಿಯೂ ಇಲ್ಲವಾ?" ಸಿಸ್ಟರಿಗೆ ಆಶ್ಚರ್ಯ. "ಹಾಗಾದರೆ ಶಬ್ದ ಎಲ್ಲಿ ನಿಲ್ಲುತ್ತದೆ? ಯಾವ ಕಾಲಿನ ಮೇಲೆ?"

ಅಲ್ಲಿಂದ ಪಾಠ ಎರಡೂ ಕಡೆಗೆ ನಡೆಯಿತು. ತಮ್ಮ ಭಾಷೆಯಲ್ಲಿ ಪ್ರತಿ ಶಬ್ದಕ್ಕೂ ಒಂದು ಕಡೆ ಭಾರ ಬೀಳುತ್ತದೆ ಎಂದು ಸಿಸ್ಟರ್ ಬಂದಷ್ಟು ಕನ್ನಡದಲ್ಲಿ, ಬಾರದ್ದಕ್ಕೆ ಕೈಸನ್ನೆಯಲ್ಲಿ ವಿವರಿಸಿದರು. ಹೆಚ್ಚಿನ ಶಬ್ದಗಳಲ್ಲಿ ಆ ಭಾರ ಕೊನೆಯಿಂದ ಎರಡನೆಯ ತುಂಡಿನ ಮೇಲೆ. ಅಂಥ ಶಬ್ದಕ್ಕೆ ಪಿಯಾನಾ ಎನ್ನುತ್ತಾರೆ, ಎಂದರೆ ಸಪಾಟಾದದ್ದು. ಗೆಳೆಯ ಎನ್ನುವುದಕ್ಕೆ ಅಮೀಕೊ. ಇನ್ನು ಕೆಲವು ಶಬ್ದಗಳಲ್ಲಿ ಭಾರ ಕೊನೆಯಿಂದ ಮೂರನೆಯದರ ಮೇಲೆ ಬೀಳುತ್ತದೆ, ಡಾಕ್ಟರ್ ಎನ್ನುವುದಕ್ಕೆ ಮೇದಿಕೊ ಇದ್ದ ಹಾಗೆ. ಅಂಥವು ಜಾರುವ ಶಬ್ದಗಳು. ಮೊದಲನೆಯ ಮೆಟ್ಟಿಲಲ್ಲಿ ಕಾಲಿಟ್ಟು ಉಳಿದದ್ದರಲ್ಲಿ ಜಾರಿ ಕೆಳಗೆ ಬರುವುದು ಎಂದು ಕೈಯಲ್ಲಿ ಮಾಡಿ ತೋರಿಸಿದರು. ಕೊನೆಯಲ್ಲೇ ಭಾರ ಬಿದ್ದರೆ ಮಾತ್ರ ಬರೆಯುವಾಗ ಮೇಲೊಂದು ಗೀಟು ಹಾಕುತ್ತಾರೆ, ಊರು ಎನ್ನುವ ಚಿತ್ತಾದಲ್ಲಿ ಹಾಕಿದಂತೆ. ಉಳಿದದ್ದಕ್ಕೆ ಗುರುತಿಲ್ಲ, ಕಿವಿಯೇ ಹೇಳಬೇಕು.

"ತಪ್ಪಿದರೆ ಎಂತ ಆಗ್ತದೆ?" ನಾನು ಕೇಳಿದೆ.

"ತಪ್ಪಿದರೆ? ಆಂಕೊರಾ ಎಂದರೆ ಹಡಗಿನ ಲಂಗರು. ಅಂಕೋರಾ ಎಂದರೆ ಮತ್ತೆ, ಇನ್ನೂ. ಅಕ್ಷರ ಎಲ್ಲ ಒಂದೇ." ಸಿಸ್ಟರ್ ನನ್ನ ಮೊಣಕಾಲನ್ನು ತಟ್ಟಿದರು. "ಮತ್ತೆ ಬನ್ನಿ ಎಂದು ನಾನು ಕರೆದರೆ ನೀನು ಲಂಗರು ಹೊತ್ತುಕೊಂಡು ಬರಬೇಕು!"

ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಅವತ್ತು ನಕ್ಕರು.

ಶಬ್ದವನ್ನು ಒಡೆಯುವ ವಿಷಯ ಬಂದಾಗಲಂತೂ ಅಪ್ಪನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಹೋದರೆ ಶಬ್ದವನ್ನು ಎಲ್ಲಿ ಮುರಿಯಬೇಕು ಎಂಬುದಕ್ಕೆ ಸಿಸ್ಟರಿನ ಊರಿನ ಶಾಲೆಗಳಲ್ಲಿ ಕಟ್ಟುನಿಟ್ಟಾದ ನಿಯಮವಿತ್ತಂತೆ. ಕಿಟಕಿಗೆ ಫಿನೆಸ್ತ್ರಾ. ಅದನ್ನು ಫಿ-ನೆ-ಸ್ತ್ರಾ ಎಂದೇ ಒಡೆಯಬೇಕು, ಸಕಾರ ಯಾವತ್ತೂ ಮುಂದಿನದರ ಜೊತೆಗೇ ಹೋಗಬೇಕು. ಜೋಡಿ ಅಕ್ಷರ ಬಂದರೆ ಮಾತ್ರ ನಡುವೆಯೇ ಸೀಳಬೇಕು, ಮಾಮ್-ಮಾ ಎಂದು. ಅಪ್ಪ ಯೋಚಿಸಿ ಹೇಳಿದರು, "ನೋಡಿ, ನಾವು ಪುಸ್ತಕ ಎಂದು ಬರೆಯುವಾಗ ಪು-ಸ್ತ-ಕ. ನಿಮ್ಮ ಕಿಟಕಿಯ ಹಾಗೆ. ಛಂದಸ್ಸಿಗೆ ಕೂರಿಸುವಾಗ ಕಿವಿ ಪುಸ್-ತ-ಕ ಅಂತ ಕೇಳುತ್ತದೆ. ನಿಮ್ಮ ಮಾಮ್-ಮಾದ ಹಾಗೆ. ನೀವು ಒಂದು ನಿಯಮ ಕಣ್ಣಿಗೆ ಇಟ್ಟಿದ್ದೀರಿ, ಇನ್ನೊಂದು ಕಿವಿಗೆ ಇಟ್ಟಿದ್ದೀರಿ." ಸಿಸ್ಟರಿಗೆ ಅದರಲ್ಲಿ ಅರ್ಧ ಅರ್ಥವಾಯಿತೋ ಇಲ್ಲವೋ. ಅಪ್ಪ ಮಾತ್ರ ದಾರಿಯುದ್ದಕ್ಕೂ ನನಗೆ ಅದನ್ನೇ ಹೇಳುತ್ತಾ ಬಂದರು.

ಇನ್ನೊಂದು ದಿನ ಶಂಕರಪುರದ ಮಲ್ಲಿಗೆಯ ಚೆಂಡು ಯಾರೋ ಕಾನ್ವೆಂಟಿಗೆ ಕೊಟ್ಟದ್ದು ಮೇಜಿನ ಮೇಲಿತ್ತು. ಸಿಸ್ಟರ್ ಅದನ್ನು ಎತ್ತಿ, ಹೂವಿಗೆ ಫಿಯೋರೆ, ಮಾರುವ ಹೆಂಗಸಿಗೆ ಫಿಯೊರಾಯಾ, ಚಿಕ್ಕ ಹೂವಿಗೆ ಫಿಯೊರೆಲ್ಲೀನೊ ಎಂದರು. ಬಾಲ ಸೇರಿಸುತ್ತಾ ಹೋದ ಹಾಗೆ ಭಾರವೂ ಬಾಲದ ಕಡೆಗೆ ಸರಿಯುತ್ತಿತ್ತು. ಅಪ್ಪ ಸುಮ್ಮನಿದ್ದಾರೆಯೇ? ಹೂವಾಡಗಿತ್ತಿ ಎಂದು ಬರೆದು ತೋರಿಸಿದರು. "ಮಾರುವವಳನ್ನು ನಾವೂ ಬಾಲದಲ್ಲಿ ಮಾಡುತ್ತೇವೆ. ಆದರೆ ಚಿಕ್ಕದು ದೊಡ್ಡದು ಮಾಡುವುದು ತಲೆಯಲ್ಲಿ. ಕಿರುಬೆರಳು, ಹೆಬ್ಬೆರಳು." ಸಿಸ್ಟರ್ ತಮ್ಮ ಹೆಬ್ಬೆರಳನ್ನು ಎತ್ತಿ ಹಿಡಿದು "ಹೆಬ್ಬೇರಳು" ಎಂದರು. ಅಪ್ಪ ಮತ್ತೆ ತಿದ್ದಿದರು. ಸಿಸ್ಟರ್ ಮತ್ತೆ ಅದನ್ನೇ ಹೇಳಿದರು.

ಕೆಲವು ವರ್ಷಗಳಲ್ಲಿ ಅವರಿಗೆ ಕನ್ನಡ ಚೆನ್ನಾಗಿಯೇ ಬಂತು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಕ್ರಿಯಾಪದಗಳೆಲ್ಲ ಪೂರ್ತಿ. ಎಳೆತ ಮಾತ್ರ ಹೋಗಲಿಲ್ಲ. ಅಪ್ಪ ಕೈಚೆಲ್ಲಿದರು. ಪಾಠ ನಿಂತಿತು. ಹಬ್ಬಕ್ಕೊಮ್ಮೆ ಸಿಸ್ಟರ್ ಮನೆಗೆ ಬಂದು ಹೋಗುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದೆ.

ಅರವತ್ತರ ದಶಕದ ಮೊದಲ ಭಾಗ. ಅಪ್ಪ ಅಧ್ಯಾಪಕರ ಒಂದು ಸಭೆಗೆಂದು ಉಡುಪಿಗೆ ಬಂದಿದ್ದರು. ಸಭೆ ಮುಗಿಸಿ ರಥಬೀದಿಯ ಹತ್ತಿರದ ಹೋಟೆಲಿನಲ್ಲಿ ನಾನೂ ಅವರೂ ತಿಂಡಿಗೆ ಕೂತೆವು. ನೀರಿನ ಲೋಟ ಅವರ ಬಲಗೈಯಿಂದ ಜಾರಿ ಮೇಜಿನ ಮೇಲೆ ಉರುಳಿತು. ಅಪ್ಪ ಅದನ್ನು ಎತ್ತಲಿಲ್ಲ. ಅಚ್ಚರಿಯಿಂದ ಕೈಯನ್ನೇ ನೋಡುತ್ತಿದ್ದರು.

"ಎಂತ ಬೇಕು ಮಾಷ್ಟ್ರೇ?" ಮೇಜು ಒರೆಸಲು ಬಂದವರು ಕೇಳಿದರು.

ಅಪ್ಪ ಬಾಯಿ ತೆರೆದರು. "ಮತ್ತೆ," ಎಂದರು. ಸ್ವಲ್ಪ ತಡೆದು, "ಮತ್ತೆ, ಮತ್ತೆ."

ಇನ್ನೂ ಯೋಚಿಸುತ್ತಿದ್ದಾರೆ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡು ಅವರು ಆಚೆ ಹೋದರು. ನಾನು ಅಪ್ಪನ ಮುಖ ನೋಡಿದೆ. ಬಾಯಿಯ ಒಂದು ಮೂಲೆ ಕೆಳಗೆ ಇಳಿದಿತ್ತು.

ಹೋಟೆಲಿನವರೇ ಕಾರು ಮಾಡಿಸಿ ಮಣಿಪಾಲಕ್ಕೆ ಕಳಿಸಿದರು. ಮಣಿಪಾಲವೆಂದರೆ ಆಗ ಕೆಂಪು ಮುರಕಲ್ಲಿನ ಬೋಳು ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಆಸ್ಪತ್ರೆಯ ಡಾಕ್ಟರು ಸುದ್ದಿ ತಿಳಿದು ಓಡಿ ಬಂದ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ನಿಧಾನವಾಗಿ ತಿಳಿಸಿ ಹೇಳಿದರು. ಜೀವಕ್ಕೆ ಭಯವಿಲ್ಲ. ಕಾಲು ಸುಧಾರಿಸಬಹುದು. ಮಿದುಳಿನಲ್ಲಿ ಮಾತು ಹುಟ್ಟುವ ಜಾಗಕ್ಕೆ ಪೆಟ್ಟು ಬಿದ್ದಿದೆ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಹೇಳಬೇಕಾದ್ದೂ ಒಳಗೆ ಉಂಟು, ಹೊರಗೆ ಬರುವ ದಾರಿ ಮುಚ್ಚಿದೆ.

ಉಳಿದದ್ದು ಆ ಒಂದೇ ಮಾತು. ಬಾಯಾರಿದರೂ ಮತ್ತೆ, ನೋವಾದರೂ ಮತ್ತೆ, ಅಮ್ಮ ಎದುರು ಕೂತು ಕಣ್ಣೊರೆಸಿಕೊಂಡರೂ ಮತ್ತೆ. ತುಳುವಿನಲ್ಲಿ ಕೇಳಿದರೂ ಉತ್ತರ ಅದೇ. ನೋಡಲು ಬಂದ ಸಹೋದ್ಯೋಗಿಗಳು ಮೊದಲು "ಹೇಳಿ, ಮತ್ತೆ?" ಎಂದು ಕಾಯುತ್ತಿದ್ದರು. ಆಮೇಲೆ ಅರ್ಥವಾಗಿ ತಲೆ ತಗ್ಗಿಸುತ್ತಿದ್ದರು. ಅಪ್ಪ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು.

ಸಿಸ್ಟರಿಗೆ ಸುದ್ದಿ ಮುಟ್ಟಿ ಅವರು ಬಸ್ಸು ಹಿಡಿದು ಮಣಿಪಾಲಕ್ಕೆ ಬಂದರು. ಮಂಚದ ಬದಿಗೆ ಸ್ಟೂಲು ಎಳೆದು ಕೂತು, "ಪಂಡಿತರೇ, ಹೇಗಿದ್ದೀರಿ?" ಎಂದರು.

"ಮತ್ತೆ," ಎಂದರು ಅಪ್ಪ. ಕಣ್ಣಲ್ಲಿ ನೀರು.

ಸಿಸ್ಟರ್ ಮುಖ ತಗ್ಗಿಸಲಿಲ್ಲ. "ಅಂಕೋರಾ," ಎಂದರು. "ಒಳ್ಳೆಯ ಶಬ್ದ ಉಳಿದಿದೆ. ಆಗಲಿ. ಮತ್ತೆ ಕಲಿಯುವಾ."

ಅವರ ಊರಿನಲ್ಲಿ ಅವರ ಸೋದರಮಾವನಿಗೂ ಹೀಗೇ ಆಗಿತ್ತಂತೆ. ಮಾತಾಡಲು ಆಗದವನು ಇಗರ್ಜಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಾಡುತ್ತಿದ್ದನಂತೆ. ಹಾಡಿನಲ್ಲಿ ಏರಿಳಿತ ಇರುತ್ತದೆ, ಏರುವ ಜಾಗವನ್ನು ಹಿಡಿದುಕೊಂಡರೆ ಶಬ್ದ ಅದರ ಬೆನ್ನಿಗೆ ಬರುತ್ತದೆ ಎಂಬುದು ಅವರ ನಂಬಿಕೆ. ಅಪ್ಪನ ಒಳ್ಳೆಯ ಕೈಯನ್ನು, ಎಡಗೈಯನ್ನು, ತಮ್ಮ ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಬಡಿದರು. ಮೊದಲನೆಯದಕ್ಕೆ ಮೆಲ್ಲಗೆ, ಎರಡನೆಯದಕ್ಕೆ ಎತ್ತರಕ್ಕೆ ಎತ್ತಿ ಜೋರಾಗಿ, ಮೂರನೆಯದಕ್ಕೆ ಮೆಲ್ಲಗೆ. "ಮ-ಗಾ-ಳು. ಮ-ಗಾ-ಳು." ನನ್ನ ಕಡೆ ಬೊಟ್ಟು ಮಾಡಿದರು.

ಅಪ್ಪನ ತುಟಿ ಅಲುಗುತ್ತಿತ್ತು. ಎಷ್ಟೋ ಹೊತ್ತು ಕೈ ಮಾತ್ರ ಏರಿ ಇಳಿಯಿತು. ಆ ದಿನ ಏನೂ ಬರಲಿಲ್ಲ. ಸಿಸ್ಟರ್ ಮರುದಿನವೂ ಬಂದರು. ದವಾಖಾನೆಗೆ ಬೇರೊಬ್ಬರನ್ನು ಕೂರಿಸಿ ಬಂದಿದ್ದರು. ಆ ವಾರ ಕಳೆಯುವುದರೊಳಗೆ, ಒಂದು ಬೆಳಿಗ್ಗೆ ಅವರು ಕೈ ಎತ್ತಿದ ಕ್ಷಣದಲ್ಲಿ ಅಪ್ಪನ ಬಾಯಿಂದ "ಗಾ" ಬಂತು. ಏರಿದ ಅಕ್ಷರ ಮಾತ್ರ. ಅದರ ಹಿಂದೆ ಮುಂದೆ ಇಲ್ಲ. ಆಮೇಲೆ "ಗಾಳು". ಆಮೇಲೆ ಪೂರ್ತಿ. ಅಪ್ಪ ನನ್ನನ್ನು ನೋಡಿ "ಮಗಾಳು" ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ವಾರ್ಡಿನಿಂದ ಹೊರಗೆ ಓಡಿದರು.

ಮನೆಗೆ ಬಂದ ಮೇಲೂ ಪಾಠ ಮುಂದುವರಿಯಿತು. ಈಗ ಸಿಸ್ಟರೇ ನಮ್ಮ ಜಗಲಿಗೆ ಬರುತ್ತಿದ್ದರು. ಮನೆಮಾತಾದ ತುಳು ಮರಳಲೇ ಇಲ್ಲ, ಬಂದದ್ದು ಸಿಸ್ಟರ್ ಕೈ ಬಡಿದು ಕಲಿಸಿದ ಕನ್ನಡ ಮಾತ್ರ. ಎರಡು ತುಂಡಿನ ಶಬ್ದಗಳು ಸುಲಭವಾಗಿ ಬಂದವು. ನೀರು, ಹಾಲು, ಬೇಡ, ಕೂರು. ಅವುಗಳಲ್ಲಿ ಮೊದಲಿಗೇ ಭಾರ ಹಾಕಿದರೂ ಕೇಳಲು ಹೆಚ್ಚು ವ್ಯತ್ಯಾಸವಿಲ್ಲ. ಮೂರು ತುಂಡಿನವೆಲ್ಲ ಸಿಸ್ಟರಿನ ಎಳೆತದಲ್ಲೇ ಬಂದವು. ಕಿಟಾಕಿ. ಸಕ್ಕಾರೆ. ಬಾಗೀಲು. ಔಷಾಧಿ. ಎಳೆಯದೆ ಹೇಳಲು ಹೋದರೆ ಶಬ್ದ ಪೂರ್ತಿ ಮಾಯವಾಗುತ್ತಿತ್ತು. ಪ್ರತ್ಯಯಗಳು ಬರಲೇ ಇಲ್ಲ. "ಬಾಗೀಲು... ಹಾಕು," "ಮಗಾಳು... ಶಾಲೆ," ಅಷ್ಟೆ. ಬಾಗಿಲನ್ನು ಎನ್ನಲು, ಶಾಲೆಗೆ ಎನ್ನಲು ನಾಲಿಗೆ ತಿರುಗುತ್ತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ವಿಭಕ್ತಿಗಳನ್ನು ಬಾಯಿಪಾಠ ಮಾಡಿಸಿದ ಮನುಷ್ಯ.

"ಮೊದಲು ಶಬ್ದ ಬರಲಿ. ಬಾಲ ಆಮೇಲೆ ಸೇರಿಸುವಾ," ಎಂದು ಸಿಸ್ಟರ್ ಸಮಾಧಾನ ಹೇಳುತ್ತಿದ್ದರು.

ಅಮ್ಮನಿಗೆ ಮೊದಲ ಸಂತೋಷ ಕಳೆದ ಮೇಲೆ ಬೇಸರ ಶುರುವಾಯಿತು. ಸಿಸ್ಟರ್ ಹೋದ ಮೇಲೆ ಒಳಗೆ ಬಂದು ತುಳುವಿನಲ್ಲಿ ನನ್ನ ಹತ್ತಿರ ಗೊಣಗಿದರು. "ಎಂಥಾ ಮಾತಾಗಿತ್ತು ನಿನ್ನ ಅಪ್ಪನದ್ದು! ಈಗ ಕೇಳಿದರೆ ಹಡಗಿನಿಂದ ಇಳಿದವರ ಹಾಗೆ. ಈ ಸಿಸ್ಟರನ್ನು ಬಿಟ್ಟು ಬೇರೆ ಯಾರಾದರೂ ಕಲಿಸಿದರೆ ಆಗದಾ?"

"ಬೇರೆ ಯಾರು ಬರ್ತಾರೆ ಅಮ್ಮ?"

ನಾವಿಬ್ಬರೂ ಪ್ರಯತ್ನಿಸಿ ಸೋತವರೇ.

ಮುಂದಿನ ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಅಪ್ಪನಿಗೆ ಕೋಲು ಹಿಡಿದು ನಡೆಯಲು ಬರುತ್ತಿತ್ತು. ಹೆಡ್‌ಮಾಸ್ಟರರು ಒಳ್ಳೆಯವರು. ಒಂದು ಕ್ಲಾಸು ತೆಗೆದುಕೊಂಡು ನೋಡಿ, ಆಗುತ್ತದೋ ನೋಡುವಾ ಎಂದು ತಾವೇ ಮನೆಗೆ ಬಂದು ಹೇಳಿದರು. ಅಪ್ಪ ಮೂರು ದಿನ ನನ್ನನ್ನು ಎದುರು ಕೂರಿಸಿಕೊಂಡು ಎಡಗೈ ತೊಡೆಯ ಮೇಲೆ ಬಡಿಯುತ್ತಾ ಅಭ್ಯಾಸ ಮಾಡಿದರು. ಒಂದೇ ಒಂದು ವಾಕ್ಯ ಸಾಕು, ಉಳಿದದ್ದನ್ನು ಮಕ್ಕಳಿಂದ ಓದಿಸಬಹುದು ಎಂದು ನಾವು ಲೆಕ್ಕ ಹಾಕಿದ್ದೆವು. ನಾನು ಅವರನ್ನು ಶಾಲೆಗೆ ಕರೆದುಕೊಂಡು ಹೋಗಿ ಕ್ಲಾಸಿನ ಹೊರಗೆ ಕಂಬದ ಹತ್ತಿರ ನಿಂತೆ.

ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಅಪ್ಪ ಮೇಜಿನ ಅಂಚಿಗೆ ಒರಗಿ, ಎಡಗೈ ಸ್ವಲ್ಪ ಎತ್ತಿ, "ಮಕ್ಕಾಳೇ," ಎಂದರು. "ಕನ್ನಾಡ... ಪುಸ್ತಾಕ... ತೆಗೇಯಿರಿ."

ಹಿಂದಿನ ಬೆಂಚಿನಿಂದ ಒಂದು ಸಣ್ಣ ನಗು ಬಂತು. ಆಮೇಲೆ ಅದು ಮುಂದಕ್ಕೆ ಹರಿಯಿತು. ಅವರು ದುಷ್ಟ ಮಕ್ಕಳಲ್ಲ. ಹೊಸದಾಗಿ ಆ ವರ್ಷ ಸೇರಿದವರು, ಅಪ್ಪ ಮೊದಲು ಹೇಗೆ ಮಾತಾಡುತ್ತಿದ್ದರು ಎಂದು ಅವರಿಗೆ ಗೊತ್ತಿರಲಿಲ್ಲ. ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡಿದ್ದವರೂ ಇದ್ದರು. ಅಪ್ಪ ಕೋಪಿಸಿಕೊಳ್ಳಲಿಲ್ಲ. ಮೊದಲ ಬೆಂಚಿನ ಹುಡುಗಿಗೆ ಓದಲು ಸನ್ನೆ ಮಾಡಿದರು. ಅವಳು ಓದಿದಳು. ಗಂಟೆ ಬಾರಿಸುವವರೆಗೂ ಒಬ್ಬರಾದ ಮೇಲೆ ಒಬ್ಬರನ್ನು ಓದಿಸಿದರು. ಯಾರೋ ಒಬ್ಬ ಹುಡುಗ ಬೆಳಕು ಎನ್ನುವುದನ್ನು ಬೆಲಕು ಎಂದ. ಅಪ್ಪ ಚಟ್ಟನೆ ತಲೆ ಎತ್ತಿದರು. ತಿದ್ದಲು ಕೈ ಎತ್ತಿದರು. ಕೈ ಮೇಲೆಯೇ ಇತ್ತು, ಬಾಯಿ ಮುಚ್ಚಿಯೇ ಇತ್ತು. ನಿಧಾನವಾಗಿ ಕೈ ಇಳಿಸಿದರು. ಹುಡುಗ ಮುಂದೆ ಓದಿದ.

ಮನೆ ಹತ್ತಿರ ಬಂದಾಗ ಅಪ್ಪ ಕೋಲನ್ನು ನೆಲಕ್ಕೆ ಊರಿ ನಿಂತು, "ಸಾಕು," ಎಂದರು. ಆಮೇಲೆ ಶಾಲೆಯ ಕಡೆ ಹೋಗಲಿಲ್ಲ.

ಅದಾದ ಮೇಲೆ ಅಪ್ಪ ತಮ್ಮ ಎಳೆತವನ್ನು ತಾವೇ ಕೀಳಲು ಕೂತರು. ನಾವು ತಿದ್ದಬೇಕಾಗಿರಲಿಲ್ಲ. ಅವರ ಕಿವಿಗೆ ಏನೂ ಆಗಿರಲಿಲ್ಲ, ತಪ್ಪು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಕೇಳುತ್ತಿತ್ತು. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಎಡಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕನ್ನಡ ಎನ್ನಲು ನೋಡುತ್ತಿದ್ದರು. "ಕನ್... ಕನ್..." ಅಷ್ಟೇ. ಮುಖ ಕೆಂಪಾಗುತ್ತಿತ್ತು. ದಿನಗಟ್ಟಲೆ ಹೀಗೆ ಮಾಡಿ, ಬಂದಿದ್ದ ಶಬ್ದಗಳೂ ಒಂದೊಂದಾಗಿ ಕಳಚಿಕೊಂಡವು. ನೀರು ಹೋಯಿತು. ಸಕ್ಕರೆ ಹೋಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಜ್ಜಿಗೆ ಕೇಳಲು ಹೋಗಿ "ಮತ್ತೆ" ಎಂದುಬಿಟ್ಟರು. ಅಮ್ಮನ ಕೈಯ ಸೌಟು ಹಾಗೇ ನಿಂತಿತು. ಅಪ್ಪ ಬಾಳೆಲೆಯನ್ನು ಮಡಚಿ ಎದ್ದರು.

ಅವತ್ತು ಸಂಜೆ ಅಮ್ಮನೇ ಕಾನ್ವೆಂಟಿಗೆ ಹೋದರು. ಏನು ಹೇಳಿದರೋ ನನಗೆ ತಿಳಿಯದು. ಸಿಸ್ಟರಿನ ಜೊತೆಗೇ ಬಂದರು. ಸಿಸ್ಟರ್ ಅಪ್ಪನ ಎದುರು ಕೂತು ಅವರ ಕೈಯನ್ನು ತೊಡೆಯ ಅಡಿಯಿಂದ ಹೊರಗೆ ತೆಗೆದರು.

"ಪಂಡಿತರೇ, ನೀವು ನನ್ನನ್ನು ಎಷ್ಟು ವರ್ಷ ತಿದ್ದಿದಿರಿ. ನನ್ನ ಎಳೆತ ಹೋಯಿತಾ?"

ಅಪ್ಪ ತಲೆ ಅಲ್ಲಾಡಿಸಿದರು.

"ಆದರೂ ಹೆಬ್ರಿಯ ಹೆಂಗಸರು ಔಷಧಿ ಕುಡಿದರು. ಮಕ್ಕಳು ಬದುಕಿದವು. ಹೌದಲ್ವಾ?"

"ನಿಮ್ಮ... ಕನ್ನಾಡ," ಎಂದರು ಅಪ್ಪ. ಎಷ್ಟೋ ಹೊತ್ತಾದ ಮೇಲೆ, ಎದೆ ಮುಟ್ಟಿಕೊಂಡು, "ನನ್ನ... ಅಲ್ಲ."

ಸಿಸ್ಟರ್ ತಮ್ಮ ದೊಡ್ಡ ಕೈಯಲ್ಲಿ ಅಪ್ಪನ ಕೈಯನ್ನು ಹಿಡಿದುಕೊಂಡೇ ಇದ್ದರು. ಕತ್ತಲಾಗುವ ಮೊದಲು ಅಮ್ಮ ಕಾಫಿ ತಂದಿಟ್ಟರು. ಆಮೇಲೆ ಮತ್ತೆ ಪಾಠ ಶುರುವಾಯಿತು, ಮಗಾಳು ಎನ್ನುವುದರಿಂದ.

ಮಾರನೆಯ ವರ್ಷ ಸಿಸ್ಟರಿಗೆ ಇಟಲಿಗೆ ವಾಪಸು ಬರಬೇಕೆಂದು ಅಪ್ಪಣೆಯಾಯಿತು. ಅವರ ಕಣ್ಣು ಮಂಜಾಗುತ್ತಿತ್ತು, ಸೂಜಿ ಹಾಕಲು ಆಗುತ್ತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮನೆಗೆ ಬಂದರು. ಅಪ್ಪ ಕೋಟು ಹಾಕಿಕೊಂಡು ಜಗಲಿಯಲ್ಲಿ ಕಾದಿದ್ದರು. ಶಾಲೆ ಬಿಟ್ಟ ಮೇಲೆ ಅವರು ಆ ಕೋಟು ಹಾಕಿದ್ದು ಅದೇ ಮೊದಲು. ನಾವು ಯಾರನ್ನು ಕಳಿಸಿಕೊಡುವಾಗಲೂ ಹೇಳುವ "ಹೋಗಿ ಬನ್ನಿ" ಎಂಬ ಮಾತನ್ನು ಅವರು ಹಿಂದಿನ ದಿನದಿಂದಲೇ ಅಭ್ಯಾಸ ಮಾಡಿದ್ದರು. ಸಿಸ್ಟರ್ ಎದುರು ನಿಂತಾಗ "ಹೋಗಿ" ಬರಲಿಲ್ಲ. ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕೊನೆಗೆ ಬಂದದ್ದು "ಬನ್ನಿ" ಮಾತ್ರ.

"ಬರುತ್ತೇನೆ," ಎಂದರು ಸಿಸ್ಟರ್. ಬರಲಾರರೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಇನ್ನೊಮ್ಮೆ "ಬನ್ನಿ" ಎಂದರು. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡು ಗೇಟಿನ ಕಡೆ ನಡೆದರು. ಬಸ್ ಸ್ಟಾಂಡಿನವರೆಗೆ ಹೋದದ್ದು ನಾನು. ದಾರಿಯಲ್ಲಿ ಅವರು ಒಂದೇ ಮಾತು ಹೇಳಿದರು. "ಅವರಿಗೆ ನಾನು ನನ್ನ ರೋಗವನ್ನು ಕೊಟ್ಟೆನಾ ಅಂತ ನನಗೆ ಒಂದೊಂದು ಸಲ ಅನಿಸುತ್ತದೆ."

"ಇಲ್ಲ ಸಿಸ್ಟರ್. ನೀವು ಬಾರದಿದ್ದರೆ ಅಪ್ಪನಿಗೆ ನನ್ನನ್ನು ಕರೆಯಲಿಕ್ಕೂ ಬರ್ತಿರಲಿಲ್ಲ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಬಸ್ಸು ಬಂತು.

ನನಗೆ ಕಾಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಅದೇ ಹೊತ್ತಿಗೆ. ಕುಕ್ಕುಂದೂರಿನ ಮನೆ ಬಿಟ್ಟು ಮೂವರೂ ಅಲ್ಲಿಗೆ ಬಂದೆವು. ಕಡಲಿನ ಹತ್ತಿರ, ತೆಂಗಿನ ತೋಟದ ನಡುವೆ ಬಾಡಿಗೆ ಮನೆ. ಅಲ್ಲಿ ಅಪ್ಪನನ್ನು ಯಾರೂ ಅರಿಯರು. ಹೊಸ ಊರಿನಲ್ಲಿ ಅವರಿಗೆ ಸ್ವಲ್ಪ ಹಗುರವಾಗಬಹುದು ಎಂದು ನಾನು ಎಣಿಸಿದ್ದೆ. ಸ್ವಲ್ಪ ಆಯಿತು ಕೂಡ. ರಸ್ತೆ ಬದಿಯಲ್ಲಿ ಬೀಡಿ, ಬೆಲ್ಲ ಮಾರುವ ಒಬ್ಬರು ಬ್ಯಾರಿ ಇದ್ದರು, ಅವರ ಅಂಗಡಿಯ ಬೆಂಚಿನಲ್ಲಿ ಅಪ್ಪ ಬೆಳಿಗ್ಗೆ ಹೋಗಿ ಕೂರುತ್ತಿದ್ದರು. ಆ ಬ್ಯಾರಿಯವರ ಮನೆಮಾತು ಬೇರೆ, ಅವರ ಕನ್ನಡವೂ ಅಷ್ಟಕ್ಕಷ್ಟೆ. ಇಬ್ಬರೂ ನಿಧಾನವಾಗಿ ಗಾಳಿ, ಮೀನು, ಮಳೆಯ ಬಗ್ಗೆ ಒಂದೊಂದು ಶಬ್ದ ಆಡುತ್ತಾ ಇರುತ್ತಿದ್ದರು. ಅಲ್ಲಿ ನಗುವವರು ಇರಲಿಲ್ಲ.

ಆದರೆ ಒಂದು ದಿನ ನೆರೆಮನೆಯ ಹೆಂಗಸು ಬೇಲಿಯಾಚೆಯಿಂದ ಅಮ್ಮನನ್ನು ಕೇಳಿದರು. "ನಿಮ್ಮವರು ಯಾವ ಕಡೆಯವರು ಮಾರಾಯ್ತಿ? ಬೇರೆ ರಾಜ್ಯದವರಾ, ಪರದೇಶದವರಾ? ಕನ್ನಡ ಕಲೀತಾ ಇದ್ದಾರೆ ಅಲ್ವಾ? ಚೆನ್ನಾಗಿ ಕಲಿತಿದ್ದಾರೆ."

ಅಪ್ಪ ಜಗಲಿಯಲ್ಲೇ ಇದ್ದರು. ಅಮ್ಮ ಹೆದರಿ ಹಿಂತಿರುಗಿ ನೋಡಿದರು. ಅಪ್ಪ ಸೋತ ಬಲಗೈಗೆ ಎಡಗೈ ಜೋಡಿಸಿ ಆ ಹೆಂಗಸಿಗೆ ಕೈಮುಗಿದರು. ಹೊಗಳಿಕೆಗೆ ಮುಗಿದಂತೆ ಮುಗಿದರು. ಆಮೇಲೆ ಕೋಲು ತೆಗೆದುಕೊಂಡು ಕಡಲ ಬದಿಯ ದೀಪಸ್ತಂಭದ ಕಡೆಗೆ ನಡೆದರು. ನಾನು ಶಾಲೆಯಿಂದ ಬಂದು ಹುಡುಕಿಕೊಂಡು ಹೋದಾಗ ಮರಳಿನ ಮೇಲೆ ಕೂತಿದ್ದರು. ಬದಿಯಲ್ಲಿ ಕೂತೆ.

ಮನೆಯಲ್ಲಿ ಪಾಠ ಈಗ ನನ್ನದು. ನಾನು ಮಾಮೂಲು ಕನ್ನಡದಲ್ಲಿ ಶಬ್ದ ಹೇಳಿಕೊಟ್ಟರೆ ಅವರಿಗೆ ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ಅಪ್ಪನ ಎದುರು ನಾನೂ ಎಳೆಯಲು ಕಲಿತೆ. ಕೈ ಎತ್ತಿ "ಸಮೂದ್ರ" ಎನ್ನುತ್ತಿದ್ದೆ, "ಮಲ್ಲೀಗೆ" ಎನ್ನುತ್ತಿದ್ದೆ. ಅಮ್ಮನೂ ಹಾಗೇ. ಮನೆಯಲ್ಲಿ ಮೂವರೂ ಊರಿಗೆ ಇಲ್ಲದ ಒಂದು ಮಾತು ಆಡಿಕೊಂಡಿದ್ದೆವು. ಶಾಲೆಗೆ ಹೊರಟಾಗ ನಾನು ಗೇಟಿನ ಹೊರಗೆ ಒಂದು ಸಲ ಗಂಟಲು ಸರಿಮಾಡಿಕೊಂಡು ಹೋಗಬೇಕಾಗುತ್ತಿತ್ತು. ಅಪ್ಪನಿಗೆ ಪ್ರತ್ಯಯಗಳು ಕೊನೆಗೂ ಕೆಲವು ಬಂದವು. "ಕಾಪುವಲ್ಲಿ" ಎಂದದ್ದು ಒಮ್ಮೆ. ಅವತ್ತು ಅಮ್ಮ ಪಾಯಸ ಮಾಡಿದರು.

ಅರವತ್ತರ ದಶಕ ಮುಗಿಯುತ್ತಿದ್ದಾಗ ಅಪ್ಪನ ಮಿದುಳಿಗೆ ಎರಡನೆಯ ಸಲ ಪೆಟ್ಟು ಬಿತ್ತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಈ ಸಲ ಅರಿವೂ ಇರಲಿಲ್ಲ. ನಾನು ಅವರ ಎಡಗೈ ಹಿಡಿದು ಹಾಸಿಗೆಯ ಮೇಲೆ ಮೆಲ್ಲಗೆ, ಜೋರಾಗಿ, ಮೆಲ್ಲಗೆ ಬಡಿದೆ. ಆ ಕೈ ನನ್ನ ಕೈಯಲ್ಲಿ ಬರೀ ಭಾರವಾಗಿತ್ತು. ಎರಡು ದಿನ ಹಾಗೆಯೇ ಇದ್ದು, ಮೂರನೆಯ ಬೆಳಿಗ್ಗೆ ತೀರಿಕೊಂಡರು.

ನಾನು ಇಟಲಿಗೆ ಬರೆದು ತಿಳಿಸಿದೆ. ಸಿಸ್ಟರಿಗೆ ಕಣ್ಣು ಪೂರ್ತಿ ಹೋಗಿದೆ, ಸುದ್ದಿಯನ್ನು ಓದಿ ಹೇಳಿದೆವು, ಅವರು ಅತ್ತರು ಎಂದು ಬೇರೆ ಯಾರೋ ಉತ್ತರ ಬರೆದರು.

ಉತ್ತರಕ್ರಿಯೆ ಮುಗಿದ ಮೇಲೆ ಅಪ್ಪನ ಹಳೆಯ ಶಿಷ್ಯರು ಕೆಲವರು ಕಾರ್ಕಳದಿಂದ ಕಾಪುವಿಗೆ ಬಂದರು. ಅವರಲ್ಲಿ ಒಬ್ಬರು ಆಗ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. ಜಗಲಿಯಲ್ಲಿ ಕೂತು ಅಪ್ಪನ ಪಾಠಗಳನ್ನು ನೆನೆಸಿಕೊಂಡು ಕಣ್ಣು ತುಂಬಿಕೊಂಡರು. ಮಾತಿನ ನಡುವೆ, ಅಪ್ಪ ಕ್ಲಾಸಿಗೆ ಬಂದು ಹಾಜರಿ ಕರೆಯುವುದು ಹೇಗಿತ್ತೆಂದು ಹೇಳಿ ತೋರಿಸಿದರು. ಅಕ್ಷರಗಳೆಲ್ಲ ಬಿಡಿಬಿಡಿಯಾಗಿ, ಒಂದೇ ಸಮನಾಗಿ, ಎಲ್ಲಿಯೂ ಎಳೆತವಿಲ್ಲದೆ ಬಂದವು. ಉಳಿದ ಶಿಷ್ಯರೆಲ್ಲ "ಹೌದು, ಹೌದು, ಥೇಟ್ ಅವರೇ," ಎಂದರು.

ಅವರು ಹೋದ ಮೇಲೆ ಅಮ್ಮ ಕಂಬಕ್ಕೆ ಒರಗಿ ಕೂತರು.

"ಅವರು ಹಾಗಾ ಮಾತಾಡುತ್ತಿದ್ದದ್ದು?" ಎಂದು ನನ್ನನ್ನು ಕೇಳಿದರು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕುಕ್ಕುಂದೂರಿನ ಅಂಗಳ ಕಂಡಿತು, ಕೋಟು ಕಂಡಿತು. ದನಿ ಕೇಳಲಿಲ್ಲ. ಎಷ್ಟು ಹುಡುಕಿದರೂ ಬಂದದ್ದು ಮಗಾಳು ಎಂದು ಕರೆಯುವ ದನಿ ಒಂದೇ.

"ಇರಬೇಕು ಅಮ್ಮ," ಎಂದೆ.

ಅಮ್ಮ ಶಿಷ್ಯರು ಕುಡಿದಿಟ್ಟ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಬಾವಿಕಟ್ಟೆಗೆ ಹೋದರು.